ಗ್ಯಾಪ್ ಸರ್ಟಿಫಿಕೇಟ್‌ನ ಸುಳ್ಳು

ಇವತ್ತು ಮಧ್ಯಾಹ್ನ ಕಲಬುರಗಿಯ ಸೂಪರ್ ಮಾರ್ಕೆಟ್‌ನ ಝೆರಾಕ್ಸ್ ಅಂಗಡಿಯಲ್ಲಿ ಕಂಡದ್ದು ಇನ್ನೂ ಹೊಟ್ಟೆಯಲ್ಲಿ ಕುದಿಯುತ್ತಿದೆ.

ನನ್ನ ಮುಂದೆ ಅಪ್ಪ, ಮಗಳು ನಿಂತಿದ್ದರು. ಹುಡುಗಿ ಇಂಜಿನಿಯರಿಂಗ್ ಸೇರಿ, ಮೊದಲ ಸೆಮಿಸ್ಟರ್‌ನಲ್ಲೇ ನಾಲ್ಕು ವಿಷಯ ಹೋಗಿ, ಬಿಟ್ಟು ಬಂದಿದ್ದಾಳೆ. ಈಗ ಬಿ.ಎ. ಮಾಡಿ ಇತಿಹಾಸ ಓದಬೇಕಂತೆ. ಅದಕ್ಕೆ, ನಡುವೆ ಓದು ಯಾಕೆ ನಿಂತಿತ್ತು ಅಂತ ಬರೆದುಕೊಡುವ ಗ್ಯಾಪ್ ಸರ್ಟಿಫಿಕೇಟ್ ಬೇಕು. ಟೈಪ್ ಮಾಡುವವನು "ಕಾರಣ ಏನ್ ಹಾಕ್ಲಿ?" ಅಂದ. ಅವಳು ಬಾಯಿ ತೆಗೆಯುವಷ್ಟರಲ್ಲಿ ಅಪ್ಪ, "ಆರಾಮ ಇದ್ದಿಲ್ಲಂತ ಹಾಕ್ರಿ. ಟೈಫಾಯ್ಡ್ ಅಂತ ಬರೀರಿ" ಅಂದರು.

"ಅಪ್ಪಾ, ನಂಗೇನೂ ಆಗಿದ್ದಿಲ್ಲಲ್ಲ..."

"ಸುಮ್ಕಿರು. ಒಂದ್ ವರ್ಷ ಹಾಳ್ ಮಾಡ್ಕೊಂಡ್ ಕುಂತಿ."

ಹುಡುಗಿ ಪಿಯುಸಿ ಮಾರ್ಕ್ಸ್ ಕಾರ್ಡಿನ ಮೂಲೆ ಮಡಚುತ್ತಾ ಬಿಚ್ಚುತ್ತಾ ನಿಂತಳು. ಇತಿಹಾಸವೇ ಯಾಕೆ ಅಂತ ಟೈಪ್ ಮಾಡುವವನು ಕೇಳಿದಾಗ ಮಾತ್ರ ಮುಖ ಅರಳಿತು. ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪ ನೋಡಿದ್ದಾಳೆ, 'ರಾಯೋ ಅಸೋಕೋ' ಅಂತ ಹೆಸರು ಕೊರೆದದ್ದು. ಅವತ್ತಿನಿಂದ ಅದೇ ತಲೆಯಲ್ಲಿದೆಯಂತೆ.

ವರ್ಷ ಹಾಳು! ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಇಷ್ಟು ಸ್ಪಷ್ಟವಾಗಿ ತನಗೇನು ಬೇಕು ಅಂತ ಹೇಳುವ ಮಗು, ಅದನ್ನು ಕಂಡುಕೊಂಡ ವರ್ಷ ಹಾಳಾಗಿದ್ದು ಹೇಗೆ?

ನಾನೂ ಮೆಕ್ಯಾನಿಕಲ್ ಇಂಜಿನಿಯರಿಂಗ್ ಬಿಟ್ಟವನು ಅಂತ ನಿಮಗೆಲ್ಲ ಗೊತ್ತು. ಫೇಲ್ ಆಗಿ ಮುಂದಿನ ವರ್ಷಕ್ಕೆ ಹೋಗಲಾಗದೆ ಇಯರ್ ಬ್ಯಾಕ್ ಆದಮೇಲೆ ಐದು ತಿಂಗಳು ಮನೆಯಲ್ಲಿ ಹೇಳಿರಲೇ ಇಲ್ಲ ಅನ್ನೋದು ಗೊತ್ತಿಲ್ಲ. ದಿನಾ ಅವ್ವ ಕಟ್ಟಿಕೊಟ್ಟ ರೊಟ್ಟಿ ಬುತ್ತಿ ಹಿಡಿದು ಕಲಬುರಗಿ ಬಸ್ ಹತ್ತೋದು, ಅಪ್ಪನ ಕೆರೆ ದಂಡೆಯಲ್ಲಿ ಕೂಡೋದು, ಸಂಜೆ ವಾಪಸ್ ಹೋಗೋದು. ಆ ಬೇಸಿಗೆ ನಮ್ಮ ತೊಗರಿ ಹೊಲದಲ್ಲಿ ಬೋರ್ ಹೊಡೆಸಿದರು, ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸಿದವನನ್ನು ನಂಬಿ. ರಿಗ್ ಪಕ್ಕ ಕೂತಿದ್ದೆ. ಬಹಳ ಹೊತ್ತು ಕಪ್ಪು ಪುಡಿ ಬಂತು. ಆಮೇಲೆ ಒಮ್ಮೆಲೇ ಬೂದು. ಮುಷ್ಟಿ ತುಂಬ ಹಿಡಿದು ನೋಡಿದೆ. ನಮ್ಮನೆ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲಿನದೇ ಬಣ್ಣ! ನೀರು ಬೀಳಲಿಲ್ಲ. ಅಪ್ಪ ಬೇವಿನ ಮರದ ಕೆಳಗೆ ಹೋಗಿ ಕೂತರು. ಬಣ್ಣ ಯಾಕೆ ಬದಲಾಯಿತು ಅಂತ ಕೇಳಿದರೆ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಪ್ರಶ್ನೆ ಹಿಡಿದೇ ಮರುವರ್ಷ ಬಿ.ಎಸ್ಸಿ. ಭೂವಿಜ್ಞಾನಕ್ಕೆ ಸೇರಿದೆ. ಮೇಲಿನ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದು ಗಟ್ಟಿಯಾದ ಲಾವಾ, ನಮ್ಮ ಎರೆಮಣ್ಣು ಹುಟ್ಟಿದ್ದು ಅದರಿಂದ. ಕೆಳಗಿನ ಬೂದು ಕಲ್ಲು ಅದಕ್ಕಿಂತ ಎಷ್ಟೋ ಹಳೆಯ ಸಮುದ್ರದ ತಳದಲ್ಲಿ ಪದರು ಪದರಾಗಿ ಕೂತ ಸುಣ್ಣಗಲ್ಲು. ಅದಕ್ಕೇ ಶಹಾಬಾದ್ ಕಲ್ಲು ಹಲಗೆಯ ಹಾಗೆ ಏಳುತ್ತದೆ, ಅದಕ್ಕೇ ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆ. ಹದಿನಾರನೇ ವಯಸ್ಸಿಗೆ ಪಿಸಿಎಂಬಿ ಬರೆಸುವಾಗ ಹೀಗೊಂದು ವಿಷಯ ಇದೆ ಅಂತ ನನಗೆ ಹೇಳಿದವರಿಲ್ಲ. ಫೇಲ್ ಆಗದಿದ್ದರೆ ಆ ರಿಗ್ ಪಕ್ಕ ನಾನಿರುತ್ತಲೇ ಇರಲಿಲ್ಲ. ಇವತ್ತು ಅಂತರ್ಜಲದ ಕೆಲಸದಲ್ಲೇ ನನ್ನ ಅನ್ನ.

ಕಲ್ಯಾಣ ಕರ್ನಾಟಕಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ಬಂದು ಈಗೀಗ ನಮ್ಮ ಮಕ್ಕಳಿಗೆ ಸೀಟು ಸಿಗುತ್ತಿವೆ, ಸಿಕ್ಕಿದ್ದನ್ನು ಬಿಡೋದು ದುಡ್ಡಿದ್ದವರ ಮಾತು ಅಂತೀರಿ. ನಮ್ಮಪ್ಪ ಫೀ ಕಟ್ಟಿದ್ದು ತೊಗರಿ ಮಾರಿಯೇ. ಆ ಸಂಕಟ ನನಗೆ ಗೊತ್ತು. ಆದರೆ ತಲೆಗೆ ಹತ್ತದ ವಿಷಯಕ್ಕೆ ಇನ್ನೂ ಮೂರು ವರ್ಷ ಫೀ, ಬ್ಯಾಕ್ ಪೇಪರಿಗೆ ಮತ್ತೆ ಫೀ, ಇದು ಯಾವ ಬಡವನಿಗೆ ನೀಗುತ್ತದೆ?

ಇನ್ನೊಂದು ಹೇಳಿಬಿಡುತ್ತೇನೆ. ನನ್ನ ಗ್ಯಾಪ್ ಸರ್ಟಿಫಿಕೇಟ್‌ನಲ್ಲೂ ಕಾಮಣಿ (ಕಾಮಾಲೆ) ಆಗಿತ್ತು ಅಂತಿದೆ. ನನಗೆ ಕಾಮಣಿ ಆಗಿರಲಿಲ್ಲ. ಕೆಳಗೆ ಸಹಿ ನನ್ನದೇ.

ಅದಕ್ಕೇ ಇವತ್ತು ಆ ಅಪ್ಪನಿಗೆ "ಫೇಲ್ ಆಗಿ ಬಿಟ್ಟಾಳ ಅಂತಲೇ ಬರೆಸ್ರಿ ಅಣ್ಣಾರ" ಅನ್ನಲು ಬಾಯಿ ಬರಲಿಲ್ಲ. ಹುಡುಗಿ ಟೈಫಾಯ್ಡ್ ಅಂತ ಬರೆದ ಕಾಗದಕ್ಕೆ ಸಹಿ ಹಾಕಿ ಹೋದಳು. ಕನಗನಹಳ್ಳಿಯ ಆ ಅಶೋಕನನ್ನು ಕೊರೆದದ್ದೂ ನಮ್ಮ ಭೀಮಾ ದಂಡೆಯ ಸುಣ್ಣಗಲ್ಲಿನಲ್ಲೇ. ಅದನ್ನಾದರೂ ಅವಳಿಗೆ ಹೇಳಬೇಕಿತ್ತು.