ಸಹಿ ಇದೆ, ಓದಿದ ಗುರುತಿಲ್ಲ

ಬೆಳಿಗ್ಗೆಯಿಂದ ತಲೆ ಬಿಸಿಯಾಗಿದೆ. ಇಲ್ಲೇ ಕಾರಿಕೊಳ್ಳುತ್ತೇನೆ, ಸಹಿಸಿಕೊಳ್ಳಿ.

ಎಂ.ಎಸ್ಸಿ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಟೂಲ್ ವ್ಯಾಲಿಡೇಶನ್‌ಗೆ, ಅಂದರೆ ತನ್ನ ಡಿಸರ್ಟೇಶನ್ನಿನ (ಸಂಶೋಧನಾ ಪ್ರಬಂಧದ) ಪ್ರಶ್ನಾವಳಿ ಸರಿಯಿದೆಯಾ ಅಂತ ತೋರಿಸಲು, ನನ್ನ ಹತ್ತಿರ ಬಂದಿದ್ದಳು. ಪ್ರಶ್ನಾವಳಿ ಜೊತೆಗೆ ಸರ್ಟಿಫಿಕೇಟೂ ಟೈಪಾಗಿ ರೆಡಿ. 'ಪರಿಶೀಲಿಸಿದ್ದೇನೆ, ಸೂಕ್ತವಾಗಿದೆ' ಅಂತ ನನ್ನ ಹೆಸರಿನಲ್ಲಿ! ವಿಷಯ ಬೆಡ್‌ಸೋರ್ (ಮಲಗಿದಲ್ಲೇ ಇರುವ ರೋಗಿಗೆ ಆಗುವ ಹುಣ್ಣು), ಉತ್ತರಿಸಬೇಕಾದವರು ಸ್ಟಾಫ್ ನರ್ಸ್‌ಗಳು. ನಡುವೆ ಒಂದು ಪ್ರಶ್ನೆ: 'ನಿಮ್ಮ ಮಗುವಿಗೆ ಎದೆಹಾಲು ಬಿಟ್ಟು ಬೇರೆ ಏನು ಕೊಡುತ್ತೀರಿ?'

"ಇದೇನಮ್ಮ?" ಅಂದೆ.

"ಸೀನಿಯರ್ ಟೂಲ್ ಮೇಡಂ. ಗೈಡ್ ಸರ್ ಓಕೆ ಅಂದಿದ್ದಾರೆ."

ಹೌದು, ಕೊನೇ ಪುಟದಲ್ಲಿ ಅವಳ ಸಂಶೋಧನೆಗೆ ದಾರಿ ತೋರಿಸಬೇಕಾದ ಗೈಡ್‌ನ ಸಹಿ, ಸೀಲು ಎರಡೂ ಇವೆ. ಒಳಗಿನ ಪುಟಗಳಲ್ಲಿ ಒಂದು ಪೆನ್ ಗೀಟಿಲ್ಲ.

ನನಗೆ ಹುಡುಗಿಯ ಮೇಲೆ ಕೋಪ ಬರಲಿಲ್ಲ. ಓದದೆ ಸಹಿ ಹಾಕುವವರನ್ನು ನೋಡಿಯೇ ಅವಳು ಕಲಿತದ್ದು ಅಲ್ವಾ?

ನಮ್ಮ ಫೀಲ್ಡಿನವರಿಗೆ ಸೂತ್ರ ಗೊತ್ತೇ ಇದೆ. ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ! 60 ಜನರನ್ನು ಹಿಡಿ, ಪ್ರೀಟೆಸ್ಟ್ ಮಾಡು, ಮುಕ್ಕಾಲು ಗಂಟೆ ಪಾಠ ಹೇಳು, ಏಳನೇ ದಿನ ಅದೇ ಪ್ರಶ್ನೆಗಳನ್ನು ಮತ್ತೆ ಕೇಳು. ಅಂಕ ಏರಿರುತ್ತದೆ. ಏರದೆ ಇನ್ನೇನು, ಉತ್ತರ ಹೇಳಿಕೊಟ್ಟಿದ್ದೇವಲ್ಲ! ಕಂಟ್ರೋಲ್ ಗ್ರೂಪ್ (ಹೋಲಿಸಲು ಪಾಠ ಕೇಳದ ಗುಂಪು) ಎಲ್ಲಿ ಅಂತ ಮಾತ್ರ ಕೇಳಬೇಡಿ. ಆಮೇಲೆ ವಯಸ್ಸು, ಧರ್ಮ, ಆದಾಯದ ಜೊತೆ ಅಂಕಕ್ಕೆ ಸಂಬಂಧ ಇದೆಯಾ ಅಂತ ನೋಡುವ ಒಂದು ಕೈ-ಸ್ಕ್ವೇರ್ ಲೆಕ್ಕ. ಮುಗೀತು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಹಳೆಯ ಸಿನಾಪ್ಸಿಸ್‌ಗಳು (ಅಧ್ಯಯನ ಶುರುವಾಗುವ ಮೊದಲು ಕೊಡುವ ಯೋಜನೆ) ನೆಟ್ಟಿನಲ್ಲೇ ಸಿಗುತ್ತವೆ. ಒಂದು ಸಂಜೆ ಕೂತು ಬರೀ ಶೀರ್ಷಿಕೆ ಓದಿ. ಊರು ಬದಲಾಗುತ್ತದೆ, ಕಾಯಿಲೆ ಬದಲಾಗುತ್ತದೆ, ವಾಕ್ಯ ಅದೇ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಯಾವ ನರ್ಸಿಗೆ ಗೊತ್ತಿಲ್ಲ ಹೇಳಿ? ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯ ಜನರಲ್ ವಾರ್ಡಿಗೆ 3 ರೋಗಿಗೆ 1 ನರ್ಸ್ ಇರಬೇಕು. ರಾತ್ರಿ ಪಾಳಿಯಲ್ಲಿ ಹೋಗಿ ಎಣಿಸಿ ನೋಡಿ. ಭಾರದ ರೋಗಿಯನ್ನು ಒಬ್ಬಳೇ ತಿರುಗಿಸಲು ಆಗುತ್ತಾ? ಇನ್ನೊಂದು ಕೈ ಯಾವಾಗ ಸಿಗುತ್ತದೆ? ತಿರುಗಿಸದೇ ಚಾರ್ಟ್‌ನಲ್ಲಿ ಟಿಕ್ ಎಷ್ಟು ಬೀಳುತ್ತದೆ? ಅಳೆಯಬೇಕಾದದ್ದು ಇದು. ಗೈಡ್ ಒಂದು ರಾತ್ರಿ ವಿದ್ಯಾರ್ಥಿನಿ ಜೊತೆ ಆ ವಾರ್ಡಿನಲ್ಲಿ ನಿಂತಿದ್ದರೆ ಈ 'ಜ್ಞಾನ ಪರೀಕ್ಷೆ' ಹುಟ್ಟುತ್ತಲೇ ಇರಲಿಲ್ಲ.

ನನ್ನ ಗೈಡ್ ಮೇಡಂ ವಿಷಯ ಕೊಡಲೇ ಇಲ್ಲ. "ನೈಟ್ ಡ್ಯೂಟಿಗೆ ಬಾ, ನೋಡು, ಆಮೇಲೆ ಮಾತಾಡೋಣ" ಅಂದರು. ಡ್ರಾಫ್ಟ್ ಕೊಟ್ಟರೆ ಪುಟದ ತುಂಬ ಕೆಂಪು ಇಂಕು. ಹಾಸ್ಟೆಲಿಗೆ ಬಂದು ಅವರಿಗೆ ಶಾಪ ಹಾಕಿ ಅತ್ತಿದ್ದೇನೆ. ಇವತ್ತಿಗೂ ಏನು ಬರೆದರೂ ಅವರು ಎಲ್ಲಿ ಗೀಟು ಎಳೆಯುತ್ತಿದ್ದರು ಅಂತ ಮೊದಲು ನೋಡುತ್ತೇನೆ. (ಈ ಪೋಸ್ಟಿನಲ್ಲಿ ಅರ್ಧ ಹೋಗುತ್ತಿತ್ತು, ಬಿಡಿ.)

'ಗೈಡ್‌ಗಳಿಗೆ ಟೈಮೆಲ್ಲಿದೆ? ಬಿ.ಎಸ್ಸಿ ಕ್ಲಾಸು, ಕ್ಲಿನಿಕಲ್ ಪೋಸ್ಟಿಂಗ್, ಇಂಟರ್ನಲ್ಸ್, ಇನ್‌ಸ್ಪೆಕ್ಷನ್ ಫೈಲು' ಅಂತ ಕಾಮೆಂಟ್ ಬರುತ್ತದೆ, ಗೊತ್ತು. ನಿಜವೂ ಹೌದು. ಆದರೆ ಇನ್‌ಸ್ಪೆಕ್ಷನ್ ಅಂದರೆ ರಾತ್ರಿ ಕೂತು ರಿಜಿಸ್ಟರ್ ತುಂಬಿಸಲು ಟೈಮ್ ಸಿಗುತ್ತದೆ. ಹುಡುಗಿಯ ಎಂಟು ಪುಟದ ಟೂಲ್ ಓದಲು ಸಿಗುವುದಿಲ್ಲ. ಸುಮ್ನೆ ನೆಪ.

ನಮ್ಮ ದೇಶದಲ್ಲಿ ನರ್ಸಿಂಗ್ ಸ್ನಾತಕೋತ್ತರ ಕೋರ್ಸ್ ಶುರುವಾಗಿದ್ದು 1959ರಲ್ಲಿ, ದೆಹಲಿಯ ರಾಜಕುಮಾರಿ ಅಮೃತ್ ಕೌರ್ ಕಾಲೇಜಿನಲ್ಲಿ. ಇಷ್ಟು ವರ್ಷವಾದರೂ ಗೈಡ್ ಮಾಡುವುದನ್ನೂ ಕಲಿಯಬೇಕು ಅನ್ನುವ ಯೋಚನೆ ನಾನು ಕಂಡ ಸ್ಟಾಫ್‌ರೂಮುಗಳಿಗೆ ಬಂದಿಲ್ಲ. ತನ್ನ ಎಂ.ಎಸ್ಸಿ ಡಿಸರ್ಟೇಶನ್ ಬಿಟ್ಟು ಇನ್ನೊಂದು ಅಧ್ಯಯನ ಮಾಡದವರೂ ಅನುಭವ ಇದೆ ಅಂತ ಗೈಡ್ ಆಗುತ್ತಾರೆ.

ಕೋರ್ಸೇ ಎರಡು ವರ್ಷದ್ದು. ವಾರ್ಡ್ ಇನ್‌ಚಾರ್ಜ್ ಸಿಸ್ಟರನ್ನು ಮೊದಲ ತಿಂಗಳೇ ಜೊತೆ ಕೂರಿಸಿಕೊಳ್ಳಿ, ಪ್ರಶ್ನೆ ಅಲ್ಲಿಂದ ಬರಲಿ. ಡೇಟಾ ಮುಗಿದ ಮೇಲೆ ಎಕ್ಸೆಲ್ ಶೀಟ್ ಹಿಡಿದು ಸ್ಟ್ಯಾಟಿಸ್ಟಿಷಿಯನ್ ಹತ್ತಿರ ಓಡುವ ಬದಲು ಸಿನಾಪ್ಸಿಸ್‌ಗೆ ಮೊದಲೇ ಹೋಗಿ. ಗೈಡ್ ಹೇಳಿದ್ದು ಬರವಣಿಗೆಯಲ್ಲಿರಲಿ, ತಾರೀಕಿನ ಸಮೇತ. ಆಗ ಯಾರು ಓದಿದರು, ಯಾರು ಓದಲಿಲ್ಲ ಗೊತ್ತಾಗುತ್ತದೆ.

ಪ್ರಿನ್ಸಿಪಾಲರಾಗಿರುವ ಗೆಳೆಯರು ಈ ಲಿಸ್ಟಿನಲ್ಲಿ ಸುಮಾರು ಜನ ಇದ್ದೀರಿ. ಲೈಕ್ ಒತ್ತಿ ಜಾರಿಕೊಳ್ಳಬೇಡಿ. ನಿಮ್ಮ ಟೈಮ್‌ಟೇಬಲಿನಲ್ಲಿ ಡಿಸರ್ಟೇಶನ್ ಅಂತ ಬರೆದಿರುವ ಗಂಟೆಯಲ್ಲಿ ಗೈಡ್ ಎಲ್ಲಿರುತ್ತಾರೆ? ಅಷ್ಟು ಹೇಳಿ.