ಕೊನೆಗೆ ಏನಾಯ್ತು?

"ಇಂಥದ್ದೆಲ್ಲ ಯಾಕೋ ಓದ್ತೀಯ? ಮನಸ್ಸಿಗೆ ಹಿತವಾಗೋದು ಏನಾದ್ರೂ ಓದು" ಅಂದಳು ಅಕ್ಕ, ಫೋನಿನಲ್ಲಿ. ಸ್ವಲ್ಪ ಚುರ್ ಅಂದಿತು.

ಹಿಂದಿನ ದಿನ ಇಲ್ಲಿನ ಓದುಗರ ಕೂಟದಲ್ಲಿ ಅಮೆರಿಕದ ಲೇಖಕಿ ಶಾರ್ಲೆಟ್ ಪರ್ಕಿನ್ಸ್ ಗಿಲ್ಮನ್ ಅವರ 'ದಿ ಯೆಲ್ಲೋ ವಾಲ್‌ಪೇಪರ್' ಓದಿದ್ದೆವು. 1892ರ ಕಥೆ. ಒಬ್ಬ ಬಾಣಂತಿ, ಗಂಡ ಡಾಕ್ಟರು. ವಿಶ್ರಾಂತಿ ಬೇಕು ಅಂತ ಅವಳನ್ನು ಮಹಡಿಯ ಕೋಣೆಯಲ್ಲಿ ಇಡುತ್ತಾನೆ. ಬರೆಯಕೂಡದು. ಕಿಟಕಿಗೆ ಸರಳು, ಮಂಚವನ್ನು ನೆಲಕ್ಕೇ ಮೊಳೆ ಹೊಡೆದು ಕೂರಿಸಿದೆ. ಗೋಡೆಯ ಹಳದಿ ಕಾಗದದ ಚಿತ್ತಾರದ ಹಿಂದೆ ಯಾರೋ ಹೆಂಗಸು ತೆವಳುತ್ತಿರುವುದು ಅವಳಿಗೆ ಕಾಣತೊಡಗುತ್ತದೆ. ಬದುಕಿರುವವರೆಗೂ ಪೆನ್ನು ಮುಟ್ಟಬೇಡ ಅಂತ ತನಗೂ ಡಾಕ್ಟರು ಹೇಳಿದ್ದರು ಎಂದು ಗಿಲ್ಮನ್ 1913ರಲ್ಲಿ ಬರೆದಿದ್ದಾರೆ.

ಓದಿ ಮುಗಿದ ಮೇಲೆ ಇಲ್ಲಿ ಯಾರೂ ಮಾತಾಡಲಿಲ್ಲ. ಒಬ್ಬಾಕೆ ಎದ್ದು ಹೋಗಿ ಕಿಟಕಿ ತೆರೆದರು. ಅಷ್ಟೇ.

ನಮ್ಮವರ ನಡುವೆ ಆಗಿದ್ದರೆ? "ಕೊನೆಗೆ ಏನಾಯ್ತು? ಹುಷಾರಾದ್ಲಾ? ಗಂಡನಿಗೆ ಬುದ್ಧಿ ಬಂತಾ?" ಹೆಂಗಸಿನ ಕಥೆ ಅಂದರೆ ನಮಗೆ ಒಂದೋ ಕಣ್ಣೀರು ಬೇಕು, ಇಲ್ಲಾ ಗೆಲುವು ಬೇಕು. ಎರಡೂ ಕೊಡದೆ ಸುಮ್ನೆ ಕಸಿವಿಸಿ ಮಾಡಿಟ್ಟು ಹೋದರೆ ಕಥೆಗಾರ್ತಿಯ ಮೇಲೇ ಸಿಟ್ಟು. ನನಗೋ ಆ ಕಸಿವಿಸಿಯೇ ಇಷ್ಟ. ದೆವ್ವದ ಕಥೆಯ ಭಯ ದೀಪ ಹಾಕಿದರೆ ಹೋಗುತ್ತದೆ. ಇದು ಹೋಗುವುದಿಲ್ಲ, ಯಾಕೆಂದರೆ ಆ ಗಂಡ ಒಂದು ಸಲವೂ ಬೈಯುವುದಿಲ್ಲ. ಮುದ್ದು ಮಾಡಿಯೇ ಬಾಯಿ ಮುಚ್ಚಿಸುತ್ತಾನೆ. ಬೈದಿದ್ದರೆ ಓದುವವರಿಗಾದರೂ ನಿರಾಳ ಆಗುತ್ತಿತ್ತು, ಅಲ್ವಾ? ಕಾದಂಬರಿಯಾಗಿದ್ದರೆ ಇನ್ನೂರು ಪುಟದಲ್ಲಿ ಎಲ್ಲೋ ಒಂದು ಕಡೆ ಉಸಿರಾಡಲು ಜಾಗ ಸಿಗುತ್ತಿತ್ತು. ಸಣ್ಣಕಥೆ ನಮ್ಮನ್ನೂ ಅದೇ ಕೋಣೆಯಲ್ಲಿ ಬಿಟ್ಟು ಚಿಲಕ ಹಾಕಿಕೊಂಡು ಹೋಗುತ್ತದೆ.

ಇದನ್ನೆಲ್ಲ ಅಕ್ಕನಿಗೆ ಒಂದೇ ಉಸಿರಿನಲ್ಲಿ ಹೇಳಿದೆ. ನಮ್ಮಲ್ಲಿ ಹೀಗೆ ಓದೋರು ಯಾರಿದ್ದಾರೆ ಅಂತಲೂ ಸೇರಿಸಿದೆ.

ಹೇಳಬಾರದಿತ್ತು. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ, ಸಣ್ಣಕಥೆಗಳ ಸಂಕಲನಕ್ಕೆ ಅದು ಬಂದದ್ದೇ ಮೊದಲ ಸಲ, ಇದೇ ಕೂಟದವರು ನನ್ನ ಕಡೆ ತಿರುಗಿ "ಕನ್ನಡದಲ್ಲಿ ಹೇಗಿದೆ?" ಅಂದಿದ್ದರು. ನಾನು ಓದಿರಲಿಲ್ಲ. ರಾತ್ರಿ ಗುಟ್ಟಾಗಿ ಕೇಳಿದ್ದು ಅಕ್ಕನನ್ನೇ. ಆ ಕಥೆಗಳನ್ನು ಅವಳು ವರ್ಷಗಳ ಹಿಂದೆಯೇ ಓದಿದ್ದಳು.

"ಓದಿರೋದಕ್ಕೇ ಹೇಳಿದ್ದು ಕಣೋ" ಅಂದಳು ಈಗ. "ನೀವು ಓದಿ, ಸ್ವಲ್ಪ ಹೊತ್ತು ಸುಮ್ನಿದ್ದು, ಎದ್ದು ಮನೆಗೆ ಹೋಗ್ತೀರ. ನಾನು ಮನೇಲೇ ಕೂತು ಓದೋಳು."

ನಾನು ಮಕ್ಕಳ ಪರೀಕ್ಷೆ ವಿಷಯ ತೆಗೆದೆ.