‘ಊಟ ಆಯ್ತಾ?’ ಅಂದ್ರೆ ಊಟಕ್ಕೆ ಕರೆದ ಹಾಗಲ್ಲ

ಬೆಂಗಳೂರಿನ ಎಷ್ಟೋ ಕಾಲೇಜುಗಳಲ್ಲಿ ವರ್ಷಕ್ಕೊಂದು ದಿನ ‘ಇಂಟರ್‌ನ್ಯಾಷನಲ್ ಡೇ’ ನಡೆಯುತ್ತೆ. ವೇದಿಕೆ ತುಂಬ ಬಾವುಟ, ವಿದೇಶಿ ಮಕ್ಕಳು ತಮ್ಮ ದೇಶದ ಉಡುಪು ಹಾಕ್ಕೊಂಡು ಒಂದು ಡಾನ್ಸು, ಪ್ರಿನ್ಸಿಪಾಲರ ಜೊತೆ ಒಂದು ಫೋಟೊ. ಮಾರನೇ ದಿನ ಅದೇ ಮಕ್ಕಳು ಕ್ಯಾಂಟೀನಿನ ಮೂಲೆ ಟೇಬಲ್ಲಲ್ಲಿ ತಮ್ಮ ತಮ್ಮಲ್ಲೇ ಕೂತಿರ್ತಾರೆ. ಆ ಕಾರ್ಯಕ್ರಮದ ಖರ್ಚಿನ ಅರ್ಧವನ್ನು ಅವರು ಊರಿಗೆ ಬಂದಿಳಿದ ಮೊದಲ ಎರಡು ವಾರಕ್ಕೂ, ಇನ್ನರ್ಧವನ್ನು ಆರನೇ ವಾರದ ಹೊತ್ತಿಗೂ ಇಟ್ಟರೆ ಡಾನ್ಸು ಮಾಡಿಸೋ ಅಗತ್ಯವೇ ಬೀಳಲ್ಲ ಅನ್ನೋದು ನನ್ನ ವಾದ. ಯಾಕೆ ಅಂತ ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ 2021-22ರ ಲೆಕ್ಕದಲ್ಲಿ ದೇಶದಲ್ಲಿದ್ದ ವಿದೇಶಿ ವಿದ್ಯಾರ್ಥಿಗಳು 46,878. ಅದರಲ್ಲಿ ನೇಪಾಳದವರೇ ಸುಮಾರು ಶೇ. 28. ಪ್ರತಿ ವಿಶ್ವವಿದ್ಯಾಲಯದಲ್ಲೂ ಅಂತರರಾಷ್ಟ್ರೀಯ ವ್ಯವಹಾರಗಳ ಕಚೇರಿ ಇರಲಿ ಅಂತ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2021ರಲ್ಲಿ ಹೇಳಿತು, 2022ರಲ್ಲಿ ಇವರಿಗಾಗಿ ಶೇ. 25ರವರೆಗೆ ಹೆಚ್ಚುವರಿ ಸೀಟಿಗೂ ದಾರಿ ಮಾಡಿಕೊಟ್ಟಿತು. ಸೀಟು ಬೇಗ ಬಂತು. ಕಚೇರಿ ಅನ್ನೋದು ಬಹಳ ಕಡೆ ಅಡ್ಮಿಷನ್ ಸೆಕ್ಷನ್ನಿನ ಒಂದು ಟೇಬಲ್ಲು, ಒಬ್ಬ ಕ್ಲರ್ಕು. ಆ ಟೇಬಲ್ಲಿನ ಪಟ್ಟಿ ವೀಸಾ ನೋಡಿ ತಯಾರಾಗುತ್ತೆ. ನೇಪಾಳ, ಭೂತಾನದವರಿಗೆ ವೀಸಾ ಬೇಡ, ಹಾಗಾಗಿ ಪಟ್ಟಿಯಿಂದಲೇ ಹೊರಗೆ. ಅತಿ ಹೆಚ್ಚು ಸಂಖ್ಯೆಯಲ್ಲಿರೋರೇ ಯಾರ ಕಣ್ಣಿಗೂ ಬೀಳದೆ ಉಳಿಯೋದು ಹೀಗೆ. ‘ಅವರು ನಮ್ಮವರ ಥರಾನೇ, ಹಿಂದಿ ಬರುತ್ತಲ್ಲ’ ಅಂತ ಒಂದು ಸಮಾಧಾನ ಬೇರೆ.

ಮಿಕ್ಕವರಿಗೆ 14 ದಿನದ ಗಡಿಯಾರ. 180 ದಿನಕ್ಕಿಂತ ಹೆಚ್ಚಿನ ವಿದ್ಯಾರ್ಥಿ ವೀಸಾದಲ್ಲಿ ಬಂದವರು ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒದಲ್ಲಿ ನೋಂದಣಿ ಮಾಡಿಸಬೇಕು. ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿ ಬೆಳಗ್ಗೆಯಿಂದ ಕ್ಯೂ ನಿಲ್ಲೋ ಕಾಲ ಹೋಗಿದೆ, 2018ರಿಂದ ಎಲ್ಲ ಇ-ಎಫ್‌ಆರ್‌ಆರ್‌ಒ ಪೋರ್ಟಲ್ಲಿನಲ್ಲೇ. ಅದಕ್ಕೆ ಮುಂಚೆ ಇನ್ನೊಂದು ಕೆಲಸ ಇದೆ. ವಿದೇಶಿಯರಿಗೆ ಇರೋಕೆ ಜಾಗ ಕೊಟ್ಟವರು, ಅಂದ್ರೆ ಹಾಸ್ಟೆಲ್ಲೋ ಪಿಜಿಯೋ ಮನೆ ಮಾಲೀಕರೋ, 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು. 1946ರ ವಿದೇಶಿಯರ ಕಾಯ್ದೆ ಹೋಗಿ 2025ರ ಸೆಪ್ಟೆಂಬರಿನಿಂದ ಹೊಸ ಕಾಯ್ದೆ ಬಂದಿದ್ದರೂ ಜನರ ಬಾಯಲ್ಲಿ ಈ ಮಾಹಿತಿ ಕೊಡೋ ಫಾರ್ಮು ಇನ್ನೂ ಸಿ-ಫಾರ್ಮೇ. ಪಿಜಿ ಮಾಲೀಕರಲ್ಲಿ ಬಹಳ ಜನಕ್ಕೆ ಇದರ ಹೆಸರೇ ಗೊತ್ತಿಲ್ಲ. ಗೊತ್ತಿರೋರು ‘ಯಾಕಪ್ಪಾ ಪೊಲೀಸು ಗಿಲೀಸು’ ಅಂತ ಹಿಂದೆ ಸರೀತಾರೆ. ಕಾಲೇಜು ಜೂನ್ ತಿಂಗಳಲ್ಲೇ ಸುತ್ತಮುತ್ತಲ ಹತ್ತು ಪಿಜಿ ಮಾಲೀಕರನ್ನು ಕರೆದು, ಒಂದು ಕಾಫಿ ಕೊಟ್ಟು, ಅವರ ಮೊಬೈಲಿನಲ್ಲೇ ಲಾಗಿನ್ ಮಾಡಿಸಿಬಿಟ್ಟರೆ ಅರ್ಧ ತಲೆನೋವು ಅಲ್ಲಿಗೇ ಮುಗೀತು.

ಇನ್ನು ಕಾಗದದ ಸರಪಣಿ. ನೋಂದಣಿಗೆ ಬೋನಫೈಡ್ ಸರ್ಟಿಫಿಕೇಟ್ (ಇವರು ನಮ್ಮ ವಿದ್ಯಾರ್ಥಿ ಅಂತ ಕಾಲೇಜು ಕೊಡೋ ಪತ್ರ) ಬೇಕು. ಬೋನಫೈಡ್ ಕೊಡೋಕೆ ಕಾಲೇಜು ‘ಎಲಿಜಿಬಿಲಿಟಿ (ಅಡ್ಮಿಷನ್ನಿಗೆ ಅರ್ಹತೆಯ ಪತ್ರ) ಬರಲಿ’ ಅನ್ನುತ್ತೆ. ಬ್ಯಾಂಕು ಸ್ಥಳೀಯ ಮೊಬೈಲ್ ನಂಬರ್ ಕೇಳುತ್ತೆ, ಸಿಮ್ ಕೊಡೋನು ವಿಳಾಸ ಕೇಳ್ತಾನೆ, ಹಾಸ್ಟೆಲ್ಲು ಫೀ ರಸೀದಿ ಕೇಳುತ್ತೆ, ಫೀ ಕಟ್ಟೋಕೆ ಬ್ಯಾಂಕು ಬೇಕು. ಇದನ್ನು ಕಡಿಯೋಕೆ ಇರೋದು ಒಂದೇ ಜಾಗ: ಬಂದ ದಿನವೇ ತಾತ್ಕಾಲಿಕ ಬೋನಫೈಡ್ ಕೈಗೆ ಕೊಡೋದು. ಹಾಸ್ಟೆಲ್ ವಿಳಾಸ ಸಮೇತ, ಲೆಟರ್‌ಹೆಡ್ಡಿನಲ್ಲಿ, ಸಹಿ ಸೀಲು ಹಾಕಿ, ನಾಲ್ಕು ಪ್ರತಿ. ಬ್ಯಾಂಕಿನವರು ಆಧಾರ್ ಕೇಳಿದರೆ ಹೌಹಾರಬೇಡಿ. ವಿದೇಶಿಯರಿಗೆ ಆಧಾರ್ ಸಿಗಬೇಕಾದರೆ ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ಇದ್ದಿರಬೇಕು, ಮೊದಲ ತಿಂಗಳು ಅದು ಇರೋಕೇ ಸಾಧ್ಯ ಇಲ್ಲ. ಪಾಸ್‌ಪೋರ್ಟು, ವೀಸಾ, ವಿಳಾಸದ ದಾಖಲೆ, ಪ್ಯಾನ್ ಇಲ್ಲ ಅನ್ನೋ ಘೋಷಣೆ ಫಾರ್ಮು ಕೊಟ್ಟು ಅನಿವಾಸಿಗಳಿಗೆ ಇರೋ ಎನ್‌ಆರ್‌ಒ ಖಾತೆ ತೆಗೆಸೋದು. ಯಾವ ಶಾಖೆ ಇದನ್ನು ಸಲೀಸಾಗಿ ಮಾಡುತ್ತೆ ಅಂತ ಕಾಲೇಜು ಮೊದಲೇ ವಿಚಾರಿಸಿ ಇಟ್ಟುಕೊಂಡಿರಬೇಕು. ಯುಪಿಐ ಇಲ್ಲದೆ ಬೆಂಗಳೂರಿನಲ್ಲಿ ಎಳನೀರು ಕುಡಿಯೋದೂ ಕಷ್ಟ. 500ರ ನೋಟು ಹಿಡಿದುಕೊಂಡು ಹೋದರೆ ‘ಚಿಲ್ಲರೆ ಕೊಡಿ’ ಅಂತಾರೆ.

ಅರ್ಜಿ ವಾಪಸ್ ಬರೋದು ಸಾಮಾನ್ಯವಾಗಿ ದೊಡ್ಡ ತಪ್ಪಿಗಲ್ಲ. ಸಿ-ಫಾರ್ಮಿನಲ್ಲಿ ಒಂದು ಸ್ಪೆಲ್ಲಿಂಗು, ಬಾಡಿಗೆ ಕರಾರಿನಲ್ಲಿ ಇನ್ನೊಂದು. ಮಾರತಹಳ್ಳಿಯನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೀತಾರೆ. ಒಂದು ಕಡೆ ‘3ನೇ ಮೇನ್, 5ನೇ ಕ್ರಾಸ್’, ಇನ್ನೊಂದು ಕಡೆ ಅದೇ ತಿರುಗುಮುರುಗು. ಆಮೇಲೆ ಹೆಸರು. ಇಥಿಯೋಪಿಯಾದವರಲ್ಲಿ ತನ್ನ ಹೆಸರು, ಮುಂದೆ ಅಪ್ಪನ ಹೆಸರು, ಅದರ ಮುಂದೆ ಅಜ್ಜನ ಹೆಸರು. ಮನೆತನದ ಹೆಸರು ಅನ್ನೋದೇ ಇಲ್ಲ. ಕಾಲೇಜಿನ ಸಾಫ್ಟ್‌ವೇರು ‘ಸರ್‌ನೇಮ್ ತುಂಬಿ’ ಅಂತ ಹಟ ಹಿಡಿಯುತ್ತೆ, ಕ್ಲರ್ಕು ಕೈಗೆ ಬಂದದ್ದು ತುಂಬ್ತಾರೆ, ಬೋನಫೈಡಿಗೂ ಪಾಸ್‌ಪೋರ್ಟಿಗೂ ತಾಳೆ ಆಗಲ್ಲ. ಇನಿಷಿಯಲ್ ಇಟ್ಕೊಂಡು ಪಾಸ್‌ಪೋರ್ಟ್ ಮಾಡಿಸೋಕೆ ಒದ್ದಾಡೋ ನಮಗೆ ಇದು ಬೇಗ ಅರ್ಥ ಆಗಬೇಕಿತ್ತು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ, ಎಲ್ಲ ಕಡೆ. ಮುಂದೆ ಕಾಲೇಜೋ ಕೋರ್ಸೋ ಬದಲಿಸೋದಿದ್ದರೆ ಮತ್ತೆ ಎಫ್‌ಆರ್‌ಆರ್‌ಒ ಅನುಮತಿ ಬೇಕು ಅನ್ನೋದನ್ನೂ, ಈ ವೀಸಾದಲ್ಲಿ ಸಂಬಳದ ಕೆಲಸ ಮಾಡೋ ಹಾಗಿಲ್ಲ ಅನ್ನೋದನ್ನೂ ಮೊದಲ ವಾರವೇ ಕಿವಿಗೆ ಹಾಕಿ.

ಈಗ ಜನರ ವಿಷಯ. ‘ಬಡ್ಡಿ’ ಅಂತ ಒಬ್ಬರನ್ನು ಗಂಟು ಹಾಕೋ ಪದ್ಧತಿ ಹಲವು ಕಡೆ ಇದೆ. (ಕನ್ನಡದಲ್ಲಿ ಆ ಪದ ಕೇಳಿದರೆ ಸಾಲದ ನೆನಪಾಗುತ್ತೆ, ಜೊತೆಗಾರ ಅನ್ನೋಣ.) ಅದು ಯಾಕೆ ಕೆಡುತ್ತೆ ಅಂದ್ರೆ ಆರಿಸೋದೇ ತಪ್ಪು. ರ‍್ಯಾಂಕ್ ಬರೋ ಹುಡುಗಿಯನ್ನು ಹಾಕ್ತಾರೆ, ಅವಳಿಗೆ ಪುರುಸೊತ್ತಿಲ್ಲ. ಇಲ್ಲಾಂದ್ರೆ ಅದೇ ದೇಶದ ಸೀನಿಯರ್ ಒಬ್ಬನ ಕೈಗೆ ಒಪ್ಪಿಸಿ ಕೈ ತೊಳ್ಕೋತಾರೆ. ಆ ಸೀನಿಯರ್ ಬೇಕೇ ಬೇಕು, ಯಾವ ಅಂಗಡಿಯಲ್ಲಿ ಏನು ಸಿಗುತ್ತೆ ಅಂತ ಗೊತ್ತಿರೋದು ಅವನಿಗೇ. ಆದರೆ ಅವನೊಬ್ಬನೇ ಆದರೆ ಮೂಲೆ ಟೇಬಲ್ಲಿಗೆ ಇನ್ನೊಂದು ಕುರ್ಚಿ ಸೇರಿತು, ಅಷ್ಟೇ. ಜೊತೆಗೆ ಇದೇ ಊರಿನ, ಕನ್ನಡ ಬರುವ, ಅದೇ ವಿಭಾಗದ ಎರಡನೇ ವರ್ಷದವರೊಬ್ಬರು ಇರಬೇಕು. ಮೂವರಿಗೆ ಒಬ್ಬರು, ಅದಕ್ಕಿಂತ ಹೆಚ್ಚು ಹೊರಿಸಬೇಡಿ. ಕೆಲಸ ಏನು ಅಂತ ಒಂದು ಹಾಳೆಯಲ್ಲಿ ಬರೆದು ಕೊಡಿ: ವಿಮಾನ ನಿಲ್ದಾಣದಿಂದ ಬರೋ ದಾರಿ ಹೇಳೋದು (ಮೆಜೆಸ್ಟಿಕ್‌ಗಾದರೆ ಕೆಐಎ-9 ಬಸ್ಸು), ಸಿಮ್ಮಿಗೂ ಬ್ಯಾಂಕಿಗೂ ಒಂದೊಂದು ಸಲ ಜೊತೆ ಹೋಗೋದು, ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿಗೆ ಸೇರಿಸೋದು, ಆರು ವಾರ ವಾರಕ್ಕೊಂದು ಸಲ ಜೊತೆಯಲ್ಲಿ ಊಟ. ಹಾಳೆ ಇಲ್ಲದಿದ್ದರೆ ಜೊತೆಗಾರ ಎರಡೇ ವಾರಕ್ಕೆ ಚಾಕರಿಯವನಾಗಿಬಿಡ್ತಾನೆ, ಮೂರನೇ ವಾರ ಫೋನ್ ಎತ್ತಲ್ಲ. ಆಟೊ ಖರ್ಚು ಅವನ ಜೇಬಿನಿಂದ ಹೋಗಬಾರದು. ಎಂಜಿನಿಯರಿಂಗ್ ಮಕ್ಕಳಿಗೆ ಹೇಗಿದ್ದರೂ ಡಿಗ್ರಿ ಮುಗಿಸೋಕೆ ಪಠ್ಯದಾಚೆಯ ಚಟುವಟಿಕೆಗೆ ಸಿಗೋ 100 ಆಕ್ಟಿವಿಟಿ ಪಾಯಿಂಟ್ ಬೇಕು, ಇದನ್ನೂ ಅದರಲ್ಲಿ ಹಿಡೀಬಹುದಾ ಅಂತ ವಿಭಾಗದಲ್ಲಿ ಕೇಳಿ ನೋಡಿ.

ಒಂದು ಸಣ್ಣ ವಿಷಯ, ಆದರೆ ಮೊದಲ ದಿನವೇ ಮುಜುಗರ ತರೋದು. ಶಕ್ತಿ ಯೋಜನೆಯ ಉಚಿತ ಬಸ್ಸು ಕರ್ನಾಟಕದ ನಿವಾಸಿ ಹೆಂಗಸರಿಗೆ ಮಾತ್ರ. ಅಕ್ಕಪಕ್ಕದ ಹುಡುಗಿಯರೆಲ್ಲ ಆಧಾರ್ ತೋರಿಸಿ ಶೂನ್ಯ ಟಿಕೆಟ್ ತಗೊಳ್ಳೋದು ನೋಡಿ ವಿದೇಶಿ ಹುಡುಗಿಯೂ ಸುಮ್ಮನೆ ಕೂರ್ತಾಳೆ, ಆಮೇಲೆ ಕಂಡಕ್ಟರ್ ಹತ್ತಿರ ರಗಳೆ.

ಕ್ಲಾಸಿನೊಳಗೆ ಪೆಟ್ಟು ಬೀಳೋದು ತಡವಾಗಿ ಬಂದವರಿಗೆ. ತರಗತಿ ಆಗಸ್ಟ್‌ನಲ್ಲಿ ಶುರು, ವೀಸಾ ಸಿಕ್ಕಿ ಬರೋ ಹೊತ್ತಿಗೆ ಅಕ್ಟೋಬರ್. ಬಹಳ ಕಡೆ ಶೇ. 75 ಹಾಜರಿ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದ್ರೆ ವಿಟಿಯುನಲ್ಲಿ ಶೇ. 85. ಬಂದಿಳಿಯೋ ಮೊದಲೇ ಶಾರ್ಟೇಜ್. ಹಾಜರಿ ಯಾವ ದಿನದಿಂದ ಎಣಿಸ್ತಾರೆ, ತಪ್ಪಿದ ಲ್ಯಾಬ್ ಯಾವಾಗ ಮಾಡಿಸ್ತಾರೆ ಅನ್ನೋದನ್ನು ಎಚ್‌ಒಡಿ ಬರವಣಿಗೆಯಲ್ಲಿ ಕೊಡಬೇಕು. ‘ನೋಡೋಣ’ ಅಂತ ಬಾಯಿ ಮಾತಲ್ಲಿ ಹೇಳಿದರೆ ಆ ಮಗು ಅದನ್ನು ‘ಆಗುತ್ತೆ’ ಅಂತ ತಿಳ್ಕೊಳ್ಳುತ್ತೆ. ನಮ್ಮ ‘ನೋಡೋಣ’ದ ಅರ್ಥ ನಮಗೆ ಗೊತ್ತಲ್ಲ!

ಇಂಟರ್ನಲ್ಸ್ (ಕಾಲೇಜೇ ನಡೆಸೋ ನಡುವಿನ ಪರೀಕ್ಷೆ) ಅಂದ್ರೇನು, 2 ಮಾರ್ಕಿನ ಉತ್ತರ ಎಷ್ಟು ಸಾಲು, 10 ಮಾರ್ಕಿಗೆ ಚಿತ್ರ ಬಿಡಿಸಲೇಬೇಕಾ, ಹಳೇ ಪ್ರಶ್ನೆಪತ್ರಿಕೆ ಗೇಟಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತಾ, ಇದನ್ನೆಲ್ಲ ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಲ್ಲ, ಗಾಳಿಯಲ್ಲೇ ಗೊತ್ತಾಗುತ್ತೆ. ಹೊರಗಿನವರಿಗೆ ಆ ಗಾಳಿ ತಲುಪಲ್ಲ. ಮೊದಲ ಇಂಟರ್ನಲ್ಸ್‌ಗೆ ಮುಂಚೆ ಒಳ್ಳೇ ಅಂಕ ಬಂದ ಹಳೇ ಉತ್ತರ ಪತ್ರಿಕೆಯೊಂದನ್ನು, ಹೆಸರು ಮುಚ್ಚಿ, ಕೈಗೆ ಕೊಟ್ಟರೆ ಒಂದು ಗಂಟೆ ಭಾಷಣಕ್ಕಿಂತ ಲೇಸು. ಗ್ರೂಪ್ ಪ್ರಾಜೆಕ್ಟಿಗೆ ‘ನೀವೇ ಟೀಮ್ ಮಾಡ್ಕೊಳ್ಳಿ’ ಅಂದ್ರೆ ಕೊನೆಗೆ ಉಳಿಯೋದು ಯಾರು ಅಂತ ಎಲ್ಲ ಮೇಷ್ಟ್ರಿಗೂ ಗೊತ್ತು. ಟೀಮನ್ನು ಮೇಷ್ಟ್ರೇ ಮಾಡಲಿ, ಪ್ರತಿ ಸಲ ಮಾತಾಡೋರು, ಬರೆಯೋರು ಬದಲಾಗಲಿ. ಇಲ್ಲಾಂದ್ರೆ ವಿದೇಶಿ ಹುಡುಗನಿಗೆ ಸಿಗೋದು ಪಿಪಿಟಿ ಸ್ಲೈಡ್ ಬದಲಾಯಿಸೋ ಕೆಲಸ.

ಕನ್ನಡದ ಬಗ್ಗೆ ನನಗೆ ಸ್ವಲ್ಪ ಜಾಸ್ತಿನೇ ಹೇಳೋದಿದೆ. ವಿಟಿಯುನಲ್ಲಿ ಕನ್ನಡ ಬಾರದವರಿಗೆ ‘ಬಳಕೆ ಕನ್ನಡ’ ಅಂತ ಒಂದು ಕ್ರೆಡಿಟ್ಟಿನ ಪಠ್ಯ ಇದೆ. ಉದ್ದೇಶ ಚೆನ್ನಾಗಿದೆ, ಆದರೆ ಪರೀಕ್ಷೆ ಇರೋದು ಸರಿ ಉತ್ತರ ಗುರುತಿಸೋ ಮಾದರಿಯಲ್ಲಿ. ಹೀಗಾಗಿ ಪಾಸಾದವರಿಗೂ ಬಾಯಿ ಬಿಡೋಕೆ ಬರಲ್ಲ. ಅದರ ಜೊತೆಗೆ ಇಪ್ಪತ್ತು ವಾಕ್ಯ ಕಲಿಸಿ, ಟೀ ಅಂಗಡಿ ಮುಂದೆ ನಿಂತು ಕಲಿಸಿ. ‘ಮೀಟರ್ ಹಾಕಿ ಅಣ್ಣ’ (2025ರ ಆಗಸ್ಟಿನಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18 ಅನ್ನೋದೂ ಸೇರಿ), ‘ಖಾರ ಕಮ್ಮಿ ಇರ್ಲಿ’, ‘ಇಲ್ಲೇ ನಿಲ್ಸಿ’, ‘ಎಷ್ಟಾಯ್ತು ಅಕ್ಕ?’. ಅಣ್ಣ, ಅಕ್ಕ ಸೇರಿಸಿದರೆ ಅರ್ಧ ಕೆಲಸ ಆದ ಹಾಗೆ.

ಅದಕ್ಕಿಂತ ಮುಖ್ಯ, ನಾವು ಆಡೋ ಮಾತಿನ ಒಳಮರ್ಮ. ‘ಊಟ ಆಯ್ತಾ?’ ಅಂದಾಗ ‘ಇಲ್ಲ’ ಅಂತ ಹೇಳಿ, ಎಲ್ಲಿಗೋ ಕರ್ಕೊಂಡು ಹೋಗ್ತಾರೆ ಅಂತ ಎದ್ದು ನಿಲ್ಲೋರು ಇರ್ತಾರೆ. ಕೇಳಿದವನು ಆಗಲೇ ಹತ್ತು ಹೆಜ್ಜೆ ಮುಂದೆ ಹೋಗಿರ್ತಾನೆ. ‘ಬರ್ತೀನಿ’ ಅಂತ ಹೇಳಿ ಹೋಗಿಬಿಡೋದು ಇನ್ನೊಂದು. ಪದಶಃ ಅರ್ಥ ಮಾಡ್ಕೊಂಡವನು ಅಲ್ಲೇ ಕಾಯ್ತಾನೆ, ನಾಲ್ಕು ಸಲ ಹೀಗಾದರೆ ‘ಇವರು ಮಾತಿಗೆ ತಪ್ಪೋರು’ ಅಂತ ತೀರ್ಮಾನಿಸ್ತಾನೆ. ಹೌದಿಗೂ ಇಲ್ಲಕ್ಕೂ ನಡುವೆ ತಲೆ ಅಲ್ಲಾಡಿಸೋದನ್ನಂತೂ ಕನ್ನಡಿ ಮುಂದೆ ನಿಲ್ಲಿಸಿಯೇ ಕಲಿಸಬೇಕು.

ಮೆಸ್ಸಿನಲ್ಲಿ ಸಾರಿಗೆ ಖಾರ, ಹುಳಿ ಬೀಳೋ ಮುಂಚೆ ಬೆಂದ ಬೇಳೆಯನ್ನು ಒಂದು ಪಾತ್ರೆ ತೆಗೆದಿಟ್ಟು, ಉಪ್ಪು ಹಾಕಿ, ಬೇಯಿಸಿದ ಮೊಟ್ಟೆಯ ಜೊತೆ ಕೊಟ್ಟರೆ ಮೊದಲ ತಿಂಗಳು ದಾಟುತ್ತೆ. ಆಮೇಲೆ ಎರಡು ಇಂಡಕ್ಷನ್ ಸ್ಟೋವಿನ ಒಂದು ಸಣ್ಣ ಅಡುಗೆ ಕೋಣೆ, ಗೋಡೆ ಮೇಲೆ ಸರದಿ ಪಟ್ಟಿ. ಕೀನ್ಯಾ, ತಾಂಜಾನಿಯಾ ಕಡೆಯವರಿಗೆ ಮುದ್ದೆ ಹೊಸದಲ್ಲ. ಅವರ ಉಗಾಲಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆಯೇ, ಬೆರಳಲ್ಲಿ ಮುರಿದು ಸಾರಿಗೆ ಅದ್ದಿ ತಿನ್ನೋದೇ. ರಾಗಿಯ ತವರೂ ಪೂರ್ವ ಆಫ್ರಿಕಾದ ಎತ್ತರದ ನೆಲವೇ. ವ್ಯತ್ಯಾಸ ಏನಂದ್ರೆ ಉಗಾಲಿ ಅಗಿಯೋದು, ಮುದ್ದೆ ನುಂಗೋದು. ಹೇಳದೆ ಬಡಿಸಿದರೆ ಅಗಿದು ಹಲ್ಲಿಗೆ ಮೆತ್ತಿಕೊಂಡು ತಟ್ಟೆ ಸರಿಸ್ತಾರೆ.

ಕ್ಯಾಂಪಸ್ಸಿನ ಗೇಟಿನಾಚೆಯದು ಕಾಲೇಜಿಗೆ ಸಂಬಂಧ ಇಲ್ಲ ಅನ್ನೋರಿಗೆ 2016ರ ಜನವರಿ 31 ನೆನಪಿರಲಿ. ಹೆಸರಘಟ್ಟ ರಸ್ತೆ ಕಡೆಯ ಗಣಪತಿನಗರದಲ್ಲಿ ಸುಡಾನಿನ ಯುವಕನೊಬ್ಬನ ಕಾರು ಗುದ್ದಿ ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಕಾರಿನಿಂದ ಎಳೆದು ಹೊಡೆಯಿತು. ಅಪಘಾತಕ್ಕೂ ಅವಳಿಗೂ ಯಾವ ಸಂಬಂಧವೂ ಇರಲಿಲ್ಲ. ಬಣ್ಣ ಒಂದೇ ಅನ್ನೋದು ಬಿಟ್ಟರೆ. ಆ ಬೀದಿಯ ನಾಲ್ಕು ಜನಕ್ಕೆ ಅವಳ ಹೆಸರು ಗೊತ್ತಿದ್ದಿದ್ದರೆ ಯಾರಾದರೂ ಅಡ್ಡ ಬರ್ತಿದ್ದರೇನೋ. ಹಾಗಾಗಿ ಜೊತೆಗಾರರ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಿ: ಮೊದಲ ವಾರ ಬೀದಿಯ ದಿನಸಿ ಅಂಗಡಿ, ಆಟೊ ಸ್ಟ್ಯಾಂಡು, ಪಕ್ಕದ ಮನೆಯವರಿಗೆ ಹೆಸರು ಹೇಳಿ ಪರಿಚಯ ಮಾಡಿಸೋದು. ನಮ್ಮ ಮಕ್ಕಳಿಗೂ ಒಂದು ಗಂಟೆ ಪಾಠ ಬೇಕು: ಕೂದಲು ಮುಟ್ಟಿ ನೋಡಬೇಡಿ, ಕೇಳದೆ ಸೆಲ್ಫಿ ತೆಗೀಬೇಡಿ, ಕಪ್ಪು ಬಣ್ಣದ ಮೇಲೆ ಅಡ್ಡಹೆಸರು ಇಡಬೇಡಿ, ಕನ್ನಡದಲ್ಲಿ ಅಂದ್ರೆ ಅವರಿಗೆ ತಿಳಿಯಲ್ಲ ಅಂದ್ಕೋಬೇಡಿ.

ಕೊನೆಯದು ಆರನೇ ವಾರ. ಮೊದಲ ತಿಂಗಳ ಓಡಾಟ ಮುಗಿದಿರುತ್ತೆ, ಮೊದಲ ಇಂಟರ್ನಲ್ಸ್ ಅಂಕ ಬಂದಿರುತ್ತೆ, ಕೆಲವರಿಗೆ ಜ್ವರ. ಮಳೆಗಾಲ ಮುಗಿಯೋ ಹೊತ್ತಿನ ಜ್ವರ ಡೆಂಗಿ ಇರಬಹುದು ಅನ್ನೋದು ಡೆಂಗಿ ಇಲ್ಲದ ಊರಿನಿಂದ ಬಂದವರಿಗೆ ಹೊಳೆಯಲ್ಲ. 112, 108 ಅವರ ಫೋನಿನಲ್ಲಿ ಇರಲಿ. ಮನಸ್ಸು ಕುಗ್ಗಿದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಇದೆ, ಆದರೆ ಅಷ್ಟರೊಳಗೆ ಯಾರಾದರೂ ರೂಮಿನ ಬಾಗಿಲು ತಟ್ಟಿರಬೇಕು. ಸರಿಯಾಗಿ ಇದೇ ಹೊತ್ತಿಗೆ ದಸರಾ, ಆಮೇಲೆ ದೀಪಾವಳಿ. ಹಾಸ್ಟೆಲ್ಲು ಖಾಲಿ, ಮೆಸ್ಸಿಗೆ ಬೀಗ. ರಜೆಯಲ್ಲಿ ಉಳಿಯೋರ ಪಟ್ಟಿ ಹತ್ತು ದಿನ ಮುಂಚೆ ಮಾಡಿ, ತೆರೆದಿರೋ ಹೋಟೆಲುಗಳ ಹೆಸರು ಬರೆದುಕೊಡಿ. ಕ್ಲಾಸಿನ ಯಾರಾದರೂ ಮಂಡ್ಯಕ್ಕೋ ತುಮಕೂರಿಗೋ ಹಬ್ಬಕ್ಕೆ ಮನೆಗೆ ಕರ್ಕೊಂಡು ಹೋದರೆ ಇನ್ನೂ ಒಳ್ಳೇದು. ಈ ಸಲ ‘ಊಟಕ್ಕೆ ಬಾ’ ಅಂದಿದ್ದು ನಿಜವಾಗಿಯೂ ಊಟಕ್ಕೇ ಅಂತ ಬಿಡಿಸಿ ಹೇಳಿ. ರಾತ್ರಿ ಉಳಿಸಿಕೊಳ್ಳೋ ಮನೆಯವರೂ ಸಿ-ಫಾರ್ಮ್ ತುಂಬಬೇಕು, ಅದರ ಲಾಗಿನ್ ಹಬ್ಬದ ದಿನ ಮಾಡೋಕೆ ಹೋಗಬೇಡಿ, ಹಿಂದಿನ ವಾರವೇ ಮಾಡಿಟ್ಟುಕೊಳ್ಳಿ.